ದಿವಾಳಿ ಎದ್ದವರ ಅಂಗಡಿ, ರಿಸೀವರರ ಸಹಿ: ಶಹಾಪುರದ ಒಂದು ಖರೀದಿ ಪತ್ರ

"ಮಾಲಕನ ಸಹಿ ಇಲ್ದೆ ಅಂಗಡಿ ನನ್ನದು ಹೆಂಗ ಆಗ್ತದ್ರಿ?"

ಮೂರು ತಿಂಗಳಲ್ಲಿ ನನ್ನ ಕಕ್ಷಿದಾರರು ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿದರೋ ಲೆಕ್ಕವಿಲ್ಲ. ಬೆಳಗಾವಿಯ ಶಹಾಪುರದಲ್ಲಿ ಅವರದು ಪಾತ್ರೆ ಅಂಗಡಿ. ಪಕ್ಕದ್ದು ನೂಲಿನ ಅಂಗಡಿ. ನೂಲಿನ ವ್ಯಾಪಾರಿ ದಿವಾಳಿ ಎದ್ದರು, ಅವರ ಅಂಗಡಿಯನ್ನು ಇವರು ಕೊಂಡರು. ಆದರೆ ಖರೀದಿ ಪತ್ರದಲ್ಲಿ ಆ ವ್ಯಾಪಾರಿಯ ಸಹಿ ಇಲ್ಲ. ಇರಬಾರದು ಅಂತ ಹಟ ಹಿಡಿದವನು ನಾನೇ. ಅದು ಯಾಕೆ ಅಂತ ಹೇಳುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ. ಯಾರ ಗುರುತೂ ಸಿಗಬಾರದು ಅಂತ ಕೆಲವು ಮೊತ್ತ, ತಾರೀಖು ಬದಲಿಸಿದ್ದೇನೆ. ಕಾನೂನಿನ ದಾರಿ ಮಾತ್ರ ನಡೆದ ಹಾಗೇ ಇದೆ.

ಪಂಚರ ಕಾಗದ

ಈ ವ್ಯಾಪಾರಿ ಮಹಾರಾಷ್ಟ್ರದ ಇಚಲಕರಂಜಿಯಿಂದ ನೂಲು ತರಿಸಿ ಖಾಸಬಾಗ, ವಡಗಾವಿಯ ನೇಕಾರರಿಗೆ ಉದ್ರಿ ಕೊಡುತ್ತಿದ್ದರು. 2020ರ ಲಾಕ್‌ಡೌನಿನಲ್ಲಿ ಮದುವೆ ಸೀಸನ್ ಹೋಯಿತು. ಸೀರೆ ಗಂಟಿನಲ್ಲೇ ಉಳಿಯಿತು, ಮಗ್ಗ ನಿಂತವು, ಉದ್ರಿ ವಾಪಸ್ ಬರಲಿಲ್ಲ. ಇತ್ತ ಇಚಲಕರಂಜಿಯವರು ಬಿಡುತ್ತಾರಾ? ವರ್ಷ ಕಳೆಯುವುದರಲ್ಲಿ ಮನುಷ್ಯ ಕೈ ಎತ್ತಿದರು.

ಅವರು ಮೊದಲು ಹಿಡಿದದ್ದು ನಮ್ಮ ಪೇಟೆಯ ಹಳೆಯ ದಾರಿ. 2021ರ ಜೂನಿನಲ್ಲಿ ಸಾಲ ಕೊಟ್ಟವರನ್ನು ಕರೆಸಿ ಕೂರಿಸಿದರು. (ನಮ್ಮ ಕಡೆ ಸಾಲಗಾರ ಅಂದರೆ ಕೊಟ್ಟವನೂ ಹೌದು, ತಗೊಂಡವನೂ ಹೌದು. ಗೊಂದಲ ಬೇಡ ಅಂತ ಇಲ್ಲಿ 'ಸಾಲ ಕೊಟ್ಟವರು' ಅಂತಲೇ ಬರೆಯುತ್ತೇನೆ.) ಮೂವರು ಹಿರಿಯರನ್ನು ಪಂಚರನ್ನಾಗಿ ಮಾಡಿ ಸ್ಟಾಂಪ್ ಕಾಗದದ ಮೇಲೆ ಬರೆದುಕೊಟ್ಟರು. ನನ್ನ ಎಲ್ಲ ಆಸ್ತಿ ನಿಮ್ಮ ಕೈಗೆ ಕೊಟ್ಟಿದ್ದೇನೆ, ಮಾರಿ ಎಲ್ಲರಿಗೂ ಹಂಚಿರಿ, ಇನ್ನು ಮುಂದೆ ಸಾಲ ತೀರಿಸುವುದು ನನ್ನಿಂದ ಆಗುವುದಿಲ್ಲ, ಅಂತ. ಕಾಗದಕ್ಕೆ ನೋಂದಣಿ ಆಗಲಿಲ್ಲ.

ಪಂಚರು ಪ್ರಾಮಾಣಿಕರೇ. ಅಂಗಡಿಗೆ ಗಿರಾಕಿ ಹುಡುಕಿದರು. ಪಕ್ಕದ ಪಾತ್ರೆ ಅಂಗಡಿಯವರು ಒಪ್ಪಿ 2 ಲಕ್ಷ ರೂಪಾಯಿ ಇಸಾರ (ಮುಂಗಡ) ಕೊಟ್ಟರು. ಪಂಚರು ಅದನ್ನು ತೀರಾ ಕಷ್ಟದಲ್ಲಿದ್ದ ಕೆಲವರಿಗೆ ಅಲ್ಲಲ್ಲೇ ಹಂಚಿಬಿಟ್ಟರು. ಆಮೇಲೆ ಖರೀದಿ ಪತ್ರ ಬರೆಸಲು ನನ್ನ ಹತ್ತಿರ ಬಂದರು.

ಒಬ್ಬರಂತೂ ಓದಿಕೊಂಡೇ ಬಂದಿದ್ದರು. "ಸಾಲ ಹಂಚಿಕೆಯ ರಾಜಿ ಪತ್ರಕ್ಕೆ ನೋಂದಣಿ ಬೇಡ ಅಂತ ಕಾಯ್ದೆಯಲ್ಲೇ ಇದೆ" ಅಂದರು. ಇದೆ, ನಿಜ. 1908ರ ನೋಂದಣಿ ಕಾಯ್ದೆಯ ಕಲಂ 17ರ ಎರಡನೇ ಉಪಕಲಂನಲ್ಲಿ ವಿನಾಯಿತಿಗಳ ಪಟ್ಟಿಯಿದೆ. ಅದರಲ್ಲಿ ಮೊದಲನೆಯದೇ ಇದು. ಆದರೆ ಮತ್ತೊಬ್ಬರಿಗಾಗಿ ಮಾರುವ ಅಧಿಕಾರ ಹೊತ್ತು ಪಂಚರು ಆಸ್ತಿ ಹಿಡಿದುಕೊಳ್ಳುತ್ತಾರೆ ಅಂದರೆ ಅದು ಟ್ರಸ್ಟ್ ಆಯಿತು. 1882ರ ಟ್ರಸ್ಟ್ ಕಾಯ್ದೆಯ ಕಲಂ 5 ನೋಡಿ. ಸ್ಥಿರಾಸ್ತಿಯ ಟ್ರಸ್ಟ್ ಬರಹದಲ್ಲಿರಬೇಕು, ನೋಂದಣಿಯೂ ಆಗಿರಬೇಕು. ಅಂದಮೇಲೆ ಈ ಪಂಚರ ಕೈಗೆ ಅಂಗಡಿಯ ಹಕ್ಕು ಬಂದೇ ಇರಲಿಲ್ಲ. ಅವರು ಬರೆದುಕೊಡುವ ಖರೀದಿ ಪತ್ರದಿಂದ ಕೊಂಡವರಿಗೆ ಏನು ಬರುತ್ತದೆ? ಸುಮ್ನೆ ಸ್ಟಾಂಪ್ ಡ್ಯೂಟಿ ದಂಡ. ನಾನು ಬರೆಯಲಿಲ್ಲ.

ಅದೇ ಕಾಗದ ತಿರುಗಿ ಬಿದ್ದದ್ದು

ಇಚಲಕರಂಜಿಯ ಒಬ್ಬ ನೂಲಿನ ದಲಾಲರು ಪಂಚರ ಸಭೆಗೆ ಬಂದಿರಲಿಲ್ಲ. ಆ ಕಾಗದದ ಒಂದು ಝೆರಾಕ್ಸ್ ಅವರ ಕೈಗೆ ಸಿಕ್ಕಿತು. ಆಗಸ್ಟಿನಲ್ಲಿ ಅವರು ಕೋರ್ಟಿಗೆ ಹೋಗಿ, ಈ ವ್ಯಕ್ತಿಯನ್ನು ದಿವಾಳಿ ಅಂತ ಘೋಷಿಸಿ ಅಂತ ಅರ್ಜಿ ಹಾಕಿದರು.

ಯಾವ ಕಾಯ್ದೆ? 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಇಲ್ಲಿ ಜಾಸ್ತಿ ಜನ ತಪ್ಪುತ್ತಾರೆ. 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂದಮೇಲೆ ಹಳೆಯದು ಸತ್ತಿತು ಅಂದುಕೊಂಡಿದ್ದಾರೆ. ಸತ್ತಿಲ್ಲ. ಹೊಸದರಲ್ಲಿ ವ್ಯಕ್ತಿಗಳಿಗೆ ಬರೆದ ಭಾಗ 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಸ್ವಂತ ಹೆಸರಿನಲ್ಲಿ ಅಂಗಡಿ ನಡೆಸಿ ಮುಳುಗಿದ ನಮ್ಮ ವ್ಯಾಪಾರಿಗೆ ಇನ್ನೂ ನೂರು ವರ್ಷದ ಹಳೆಯ ಕಾಯ್ದೆಯೇ ಗತಿ. ಅದರಲ್ಲಿ ಅರ್ಜಿ ಹಾಕಲು ಬೇಕಾದ ಸಾಲದ ಮೊತ್ತ 500 ರೂಪಾಯಿ. ಹೌದು, ಐನೂರು.

ಆ ಕಾಯ್ದೆಯ ಕಲಂ 6ರಲ್ಲಿ 'ದಿವಾಳಿ ಕೃತ್ಯ'ಗಳ ಪಟ್ಟಿ ಇದೆ. ಎಲ್ಲ ಆಸ್ತಿಯನ್ನು ಸಾಲ ಕೊಟ್ಟವರ ಹಿತಕ್ಕೆ ಅಂತ ಮೂರನೆಯವರಿಗೆ ವರ್ಗಾಯಿಸುವುದೇ ಅದರಲ್ಲಿ ಮೊದಲನೆಯದು. ಅಂದರೆ ಒಳ್ಳೆಯ ಮನಸ್ಸಿನಿಂದ ಮಾಡಿದ ಪಂಚಾಯ್ತಿಯೇ ದಿವಾಳಿ ಅರ್ಜಿಗೆ ಆಧಾರವಾಯಿತು. ನೋಂದಣಿಯೇ ಇಲ್ಲದ ಕಾಗದದಿಂದ ವರ್ಗಾವಣೆ ಆಗಿಲ್ಲವಲ್ಲ ಅಂತ ವ್ಯಾಪಾರಿಯ ವಕೀಲರು ವಾದಿಸಿದರು. ಚೆನ್ನಾಗಿಯೇ ವಾದಿಸಿದರು. ಆದರೆ ಅದೇ ಕಾಗದದಲ್ಲಿ 'ಇನ್ನು ಮುಂದೆ ತೀರಿಸಲು ಆಗುವುದಿಲ್ಲ' ಅನ್ನುವ ಸಾಲು ಇತ್ತಲ್ಲ. ಪಾವತಿ ನಿಲ್ಲಿಸಿದ್ದೇನೆ ಅಂತ ಸಾಲ ಕೊಟ್ಟವರಿಗೆ ತಿಳಿಸುವುದೂ ಆ ಪಟ್ಟಿಯಲ್ಲಿದೆ. ಕೃತ್ಯ ನಡೆದ ಮೂರು ತಿಂಗಳೊಳಗೆ ಅರ್ಜಿ ಬರಬೇಕು, ಬಂದಿತ್ತು. 2023ರ ಫೆಬ್ರವರಿಯಲ್ಲಿ ದಿವಾಳಿ ಆದೇಶ ಆಯಿತು. ಒಬ್ಬ ವಕೀಲರನ್ನು ರಿಸೀವರ್ ಅಂತ, ಅಂದರೆ ದಿವಾಳಿ ಎದ್ದವರ ಆಸ್ತಿ ಹಿಡಿದು ಮಾರಿ ಸಾಲ ಕೊಟ್ಟವರಿಗೆ ಹಂಚುವವರು ಅಂತ, ಕೋರ್ಟ್ ನೇಮಿಸಿತು.

ಹಕ್ಕು ಬದಲಾದದ್ದು ಯಾವಾಗ

ನನ್ನ ಕಕ್ಷಿದಾರರ ಪ್ರಶ್ನೆಗೆ ಉತ್ತರ ಇಲ್ಲಿದೆ. ಕಲಂ 28ರ ಪ್ರಕಾರ ದಿವಾಳಿ ಆದೇಶ ಆದ ಕ್ಷಣ ಆ ಮನುಷ್ಯನ ಆಸ್ತಿಯೆಲ್ಲ ಕೋರ್ಟಿಗೆ ಸೇರುತ್ತದೆ. ರಿಸೀವರ್ ಇದ್ದರೆ ರಿಸೀವರರಿಗೆ ಸೇರುತ್ತದೆ. ಅದಕ್ಕೆ ಯಾವ ಪತ್ರವೂ ಬೇಡ, ನೋಂದಣಿ ಬೇಡ, ಯಾರ ಸಹಿಯೂ ಬೇಡ. ಆದೇಶ ಹಿಂದಕ್ಕೂ ಹೋಗುತ್ತದೆ. ಅರ್ಜಿ ಹಾಕಿದ ದಿನದಿಂದಲೇ ಅದು ಜಾರಿ ಅಂತ ಲೆಕ್ಕ. ಹಾಗಾಗಿ 2021ರ ಆಗಸ್ಟಿನಿಂದ ಆ ಅಂಗಡಿ ವ್ಯಾಪಾರಿಯದ್ದಲ್ಲ. ಸಿಟಿ ಸರ್ವೆ ಉತಾರದಲ್ಲಿ ಅವರ ಹೆಸರಿತ್ತು, ಕರದ ರಸೀದಿ ಅವರ ಹೆಸರಲ್ಲಿತ್ತು, ಬೋರ್ಡ್ ಅವರದೇ ಇತ್ತು. ಹಕ್ಕು ಮಾತ್ರ ಇರಲಿಲ್ಲ.

ಅಂದಮೇಲೆ ಮಾರುವವರು ರಿಸೀವರರು. ಕಕ್ಷಿದಾರರು ಒಪ್ಪಿದರು. ಅವರ ಮಾವ ಒಪ್ಪಲಿಲ್ಲ. ಆ ಕಥೆ ಮುಂದಿದೆ.

ಕೈ ಬಿಟ್ಟುಹೋಗಿದ್ದ ಎರಡು ಆಸ್ತಿ

ವ್ಯಾಪಾರಿಗೆ ಅಂಗಡಿ ಬಿಟ್ಟು ಇನ್ನೆರಡು ಆಸ್ತಿ ಇದ್ದವು. ಒಂದು ಅನಗೋಳದ ಕಡೆಯ ಪ್ಲಾಟು. ಅದನ್ನು 2020ರ ಜೂನಿನಲ್ಲೇ ಹೆಂಡತಿಗೆ ಬಕ್ಷೀಸ್ ಪತ್ರ (ದಾನಪತ್ರ) ಮಾಡಿಕೊಟ್ಟಿದ್ದರು. ಕಲಂ 53 ಇಂಥದ್ದಕ್ಕೇ ಇದೆ. ಹಣ ಪಡೆಯದೆ ಬರೆದುಕೊಟ್ಟ ಆಸ್ತಿ ಇದ್ದು, ಬರೆದ ಎರಡು ವರ್ಷದೊಳಗೆ ದಿವಾಳಿ ಅರ್ಜಿ ಬಿದ್ದು ಅದರ ಮೇಲೆ ಆದೇಶವಾದರೆ, ರಿಸೀವರರು ಕೇಳಿದ ಮೇಲೆ ಕೋರ್ಟ್ ಆ ಪತ್ರವನ್ನು ರದ್ದು ಮಾಡಬಹುದು. ಇಲ್ಲಿ ಹದಿನಾಲ್ಕು ತಿಂಗಳಾಗಿತ್ತು. ರದ್ದಾಯಿತು. ಹೆಂಡತಿ ಮೇಲ್ಮನವಿ ಹಾಕಿದ್ದಾರೆ, ಪ್ಲಾಟು ಇನ್ನೂ ಮಾರಾಟವಾಗಿಲ್ಲ.

ಇನ್ನೊಂದು ಖಾಸಬಾಗದ ಹಿರಿಯರ ಮನೆ. ಅಣ್ಣನ ಜೊತೆ ಇನ್ನೂ ವಾಟ್ನಿ (ಆಸ್ತಿ ಪಾಲು) ಆಗಿರಲಿಲ್ಲ. ವ್ಯಾಪಾರಿಗೆ ಎಷ್ಟು ಪಾಲು ಇತ್ತೋ ಅಷ್ಟೇ ರಿಸೀವರರಿಗೆ ಬಂತು. ಮಕ್ಕಳು ತಮ್ಮ ಪಾಲು ಬಿಡಲಿಲ್ಲ. ಅಪ್ಪನ ಸಾಲ ತೀರಿಸುವುದು ಮಗನ ಧರ್ಮ ಅನ್ನುವ ಹಳೆಯ ಕಟ್ಟು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರದ ಸಾಲಗಳಿಗೆ ಇಲ್ಲ. ರಿಸೀವರರು ವ್ಯಾಪಾರಿಯ ಸ್ವಂತ ಪಾಲನ್ನಷ್ಟೇ ಲಿಲಾವಿಗೆ (ಹರಾಜಿಗೆ) ಇಟ್ಟರು. ಹೊರಗಿನವರು ಒಬ್ಬರೂ ಕೂಗಲಿಲ್ಲ. ಕೂಗುವುದಾದರೂ ಯಾಕೆ? ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಪಾಲು ಕೊಂಡ ಹೊರಗಿನವನಿಗೆ ಒಳಗೆ ಹೋಗಿ ಕೂರುವ ಹಕ್ಕಿಲ್ಲ, ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 44 ಅದನ್ನು ತಡೆಯುತ್ತದೆ. ಪಾಲು ಮಾಡಿಸಿ ಅಂತ ದಾವೆ ಹಾಕಿದರೆ, 1893ರ ವಿಭಜನೆ ಕಾಯ್ದೆಯ ಕಲಂ 4ರಲ್ಲಿ ಮನೆಯವರು 'ಆ ಪಾಲನ್ನು ನಾವೇ ಕೊಳ್ಳುತ್ತೇವೆ' ಅನ್ನಬಹುದು, ಕೋರ್ಟ್ ಬೆಲೆ ಕಟ್ಟಿ ಅವರಿಗೇ ಕೊಡುತ್ತದೆ. ಕೊನೆಗೆ ಅಣ್ಣನೇ 7 ಲಕ್ಷಕ್ಕೆ ತಗೊಂಡರು. ಎಲ್ಲರಿಗೂ ಒಳ್ಳೆಯದಾಯಿತು ಅಂತಲೇ ನನ್ನ ಅಭಿಪ್ರಾಯ.

ಒತ್ತೆ ಇಟ್ಟ ಕಾಗದ

ಅಂಗಡಿಯ ಮೂಲ ಪತ್ರಗಳು ಒಂದು ಸಹಕಾರಿ ಸಂಘದಲ್ಲಿ ಒತ್ತೆ ಇದ್ದವು. ಉತಾರದ ಮೇಲೆ ಬೋಜಾ (ಸಾಲದ ಭಾರ) ಕೂತಿತ್ತು. ದಿವಾಳಿ ಆದೇಶ ಆದರೂ ಒತ್ತೆ ಹಿಡಿದವರ ಹಕ್ಕಿಗೆ ಏನೂ ಆಗುವುದಿಲ್ಲ. ಅವರು ತಮ್ಮ ಪಾಡಿಗೆ ಮಾರಿಕೊಳ್ಳಬಹುದು. ಇಲ್ಲವೇ ಒತ್ತೆ ಬಿಟ್ಟುಕೊಟ್ಟು ಉಳಿದವರ ಸಾಲಿನಲ್ಲಿ ನಿಲ್ಲಬಹುದು. ಬಿಡುವ ಮೂರ್ಖರು ಯಾರು?

ಸಂಘವೇ ಮಾರಿದರೆ ಬೆಲೆ ಕಮ್ಮಿ ಬರುತ್ತದೆ, ರಿಸೀವರರು ಮಾರಿದರೆ ಸಂಘದ ಸಹಿ ಇಲ್ಲದೆ ಯಾರೂ ಕೊಳ್ಳುವುದಿಲ್ಲ. ಒಬ್ಬರ ಅಗತ್ಯ ಇನ್ನೊಬ್ಬರಿಗೆ ಇತ್ತು. ಒಂದೂವರೆ ವರ್ಷ ಎಳೆದಾಡಿ ಒಪ್ಪಂದಕ್ಕೆ ಬಂದರು. ರಿಸೀವರರು ಮಾರುವುದು, ಬಂದ ಹಣದಲ್ಲಿ ಮೊದಲು ಸಂಘಕ್ಕೆ 22 ಲಕ್ಷ, ಖರೀದಿ ಪತ್ರಕ್ಕೆ ಸಂಘವೂ ಒಪ್ಪಿಗೆದಾರರಾಗಿ ಸಹಿ ಹಾಕಿ ಮೂಲ ಪತ್ರಗಳನ್ನು ಅದೇ ಮೇಜಿನ ಮೇಲೆ ಕೊಡುವುದು. 'ಅದೇ ಮೇಜಿನ ಮೇಲೆ' ಅನ್ನುವ ಮಾತು ಸೇರಿಸಿದ್ದು ನಾನು. ಹಣ ಕೊಟ್ಟಮೇಲೆ ಕಾಗದಕ್ಕೆ ಅಲೆಯುವುದು ಎಂಥ ಕೆಲಸ ಅಂತ ಅಲೆದವರಿಗೇ ಗೊತ್ತು.

ಲಿಲಾವು, 21 ದಿನ

2024ರ ನವೆಂಬರಿನಲ್ಲಿ ಪೇಪರಿನಲ್ಲಿ ನೋಟೀಸು ಬಂತು. ಲಿಲಾವಿನಲ್ಲಿ ನನ್ನ ಕಕ್ಷಿದಾರರ 38 ಲಕ್ಷ ಎಲ್ಲರಿಗಿಂತ ಮೇಲೆ ನಿಂತಿತು. ಇದಕ್ಕೆ ಕೋರ್ಟಿನ ಅನುಮತಿ ಬೇಕಾ? ದಿವಾಳಿ ಕಾಯ್ದೆಯ ಕಲಂ 59 ಓದಿದರೆ ಬೇಡ. ಮಾರುವುದು, ಹಣಕ್ಕೆ ರಸೀದಿ ಕೊಡುವುದು, ಈ ಎರಡನ್ನು ರಿಸೀವರರು ತಾವೇ ಮಾಡಬಹುದು. ದಾವೆ ಹೂಡುವುದು, ಆಸ್ತಿ ಒತ್ತೆ ಇಡುವುದು, ಹಣ ಮುಂದೆ ಕೊಡಲಿ ಅಂತ ಉದ್ರಿಗೆ ಮಾರುವುದು, ಇಂಥವಕ್ಕೆ ಅನುಮತಿ ಬೇಕು. ಆದರೂ ರಿಸೀವರರು ಮಾರಾಟದ ವರದಿ ಹಾಕಿ ಕೋರ್ಟಿನಿಂದ ಒಂದು ಸಾಲಿನ ಆದೇಶ ತಗೊಂಡರು. ಕಾನೂನಿಗೆ ಅದು ಬೇಕಿರಲಿಲ್ಲ, ಬ್ಯಾಂಕಿನ ಕಣ್ಣಿಗೆ ಬೇಕಿತ್ತು. ಮುದ್ರೆ ನೋಡಿದರೆ ಎಲ್ಲರಿಗೂ ಸಮಾಧಾನ ಅಲ್ವಾ?

ಆಮೇಲೆ ನಾವು ಸುಮ್ಮನೆ ಕೂತೆವು, 21 ದಿನ. ರಿಸೀವರರು ಮಾಡಿದ್ದು ಸರಿಯಿಲ್ಲ ಅಂತ ಯಾರಾದರೂ ಕೋರ್ಟಿಗೆ ಹೋಗುವುದಾದರೆ ಕಲಂ 68ರಲ್ಲಿ ಅವರಿಗೆ ಇರುವುದು ಅಷ್ಟೇ ದಿನ. ಕಕ್ಷಿದಾರರು ದಿನಾ ಫೋನು ಮಾಡುತ್ತಿದ್ದರು. ನಾನು ದಿನ ಎಣಿಸುತ್ತಿದ್ದೆ. ಯಾರೂ ಹೋಗಲಿಲ್ಲ.

ಮಾವನವರ 50 ಸಾವಿರ

ಅಷ್ಟರಲ್ಲಿ ಮಾವನವರು ಒಂದು ಉಪಾಯ ತಂದರು. ದಿವಾಳಿದಾರರ ಕೈಗೆ 50 ಸಾವಿರ ಇಟ್ಟು ಅವರದೂ ಒಂದು ಸಹಿ ಹಾಕಿಸಿಬಿಡೋಣ, ನಾಳೆ ತಕರಾರು ಬೇಡ, ಅಂತ. ನೋಂದಣಿಗೆ ಹೋದಾಗ ಕೌಂಟರಿನಲ್ಲೂ ಅದೇ ಮಾತು ಬಂತು. ಇ-ಆಸ್ತಿ ಖಾತೆಯಲ್ಲಿ ಇರುವ ಹೆಸರು ವ್ಯಾಪಾರಿಯದು, ಸಾಫ್ಟ್‌ವೇರ್ ಕೇಳುವುದು ಅದೇ ಹೆಸರಿನವರ ಬೆರಳು. ಅವರನ್ನೂ ಕರಕೊಂಡು ಬನ್ನಿ, ಕೆಲಸ ಮುಗಿಯುತ್ತದೆ ಅಂದರು.

ನಾನು ಬೇಡ ಅಂದೆ. ಹಣದ ಮಾತು ಮೊದಲು. ದಿವಾಳಿಯಿಂದ ಬಿಡುಗಡೆ ಆಗುವವರೆಗೆ ಆ ಮನುಷ್ಯನ ಕೈಗೆ ಹೊಸದಾಗಿ ಬಂದ ಆಸ್ತಿಯೂ ರಿಸೀವರರಿಗೇ ಸೇರುತ್ತದೆ. ಮೇಜಿನ ಕೆಳಗೆ ಕೊಟ್ಟ 50 ಸಾವಿರ ಸಾಲ ಕೊಟ್ಟವರ ಹಣ. ಅದು ಹೊರಬಿದ್ದರೆ ಲಿಲಾವಿನ ಮೇಲೇ ಅನುಮಾನ ಬರುತ್ತದೆ. ಸಹಿಯ ಮಾತು ಅದಕ್ಕಿಂತ ದೊಡ್ಡದು. ಮಾರಿದವರಲ್ಲಿ ಒಬ್ಬರು ಅಂತ ಅವರ ಹೆಸರು ಬರೆದರೆ ಅವರಿಗೆ ಇನ್ನೂ ಏನೋ ಹಕ್ಕು ಉಳಿದಿತ್ತು ಅಂತ ನಾವೇ ಬರೆದುಕೊಟ್ಟ ಹಾಗೆ. ಇಪ್ಪತ್ತು ವರ್ಷದ ಮೇಲೆ ಆ ಪತ್ರ ಓದುವ ವಕೀಲ ಕೇಳುತ್ತಾನೆ, ಹಕ್ಕು ರಿಸೀವರರಿಗೆ ಹೋಗಿದ್ದರೆ ಇವರು ಯಾಕೆ ಸಹಿ ಹಾಕಿದರು, ಹೋಗಿರದಿದ್ದರೆ ಹೆಂಡತಿ ಮಕ್ಕಳು ಯಾಕೆ ಹಾಕಲಿಲ್ಲ, ಅಂತ. ಇಲ್ಲದ ಬಾಗಿಲನ್ನು ಗೋಡೆಯಲ್ಲಿ ನಾವೇ ಕೊರೆಯಬೇಕಾ?

ದಾರಿ ಬೇರೆ ಇತ್ತು, ಉದ್ದ ಇತ್ತು. ದಿವಾಳಿ ಆದೇಶ ಮತ್ತು ರಿಸೀವರ್ ನೇಮಕದ ದೃಢೀಕೃತ ಪ್ರತಿ ಇಟ್ಟು ಮೊದಲು ಖಾತೆಯನ್ನೇ ರಿಸೀವರರ ಹೆಸರಿಗೆ ಮಾಡಿಸಲು ಅರ್ಜಿ ಕೊಟ್ಟೆವು. ಅಲ್ಲಿ "ಖರೀದಿ ಪತ್ರ ಎಲ್ಲಿ?" ಅಂದರು. ಆದೇಶದಿಂದಲೇ ಹಕ್ಕು ಬಂದಿದೆ, ಪತ್ರ ಇರುವುದಿಲ್ಲ ಅಂತ ಕಲಂ 28ನ್ನು ಕನ್ನಡದಲ್ಲಿ ಬರೆದು ಅರ್ಜಿಗೆ ಅಂಟಿಸಿದೆ. ಎರಡು ತಿಂಗಳು ಹೋಯಿತು. ಖಾತೆಯಲ್ಲಿ ಹೆಸರು ಬದಲಾದಮೇಲೆ ನೋಂದಣಿಯವರಿಗೆ ಯಾವ ತೊಂದರೆಯೂ ಇರಲಿಲ್ಲ. ಯಂತ್ರಕ್ಕೆ ಬೇಕಾದ ಬೆರಳು ಈಗ ರಿಸೀವರರದ್ದು.

ಪತ್ರದಲ್ಲಿ ಏನು ಬರೆದೆವು

ಸಾಮಾನ್ಯ ಖರೀದಿ ಪತ್ರದಲ್ಲಿ ಹಿನ್ನೆಲೆ ಎರಡು ಪ್ಯಾರಾ ಇರುತ್ತದೆ, ಮಾರಿದವರ ಭರವಸೆ ಎರಡು ಪುಟ. ಇಲ್ಲಿ ಉಲ್ಟಾ. ಭರವಸೆ ಒಂದೇ ಸಾಲು. ಬೇರೆಯವರ ಹಿತಕ್ಕಾಗಿ ಆಸ್ತಿ ಹಿಡಿದವರು ಮಾರಿದರೆ, 'ನಾನು ಈ ಆಸ್ತಿಯ ಮೇಲೆ ಯಾವ ಭಾರವನ್ನೂ ಹಾಕಿಲ್ಲ' ಅನ್ನುವಷ್ಟೇ ಭರವಸೆ ಅವರಿಂದ ಸಿಗುತ್ತದೆ. ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 55ರಲ್ಲೇ ಅದಿದೆ. 'ಮುಂದೆ ಏನೇ ತಕರಾರು ಬಂದರೂ ನಾನು ಜವಾಬ್ದಾರ' ಅನ್ನುವ ಸಾಲನ್ನು ರಿಸೀವರರ ಬಾಯಲ್ಲಿ ಹಾಕಲು ಕಕ್ಷಿದಾರರು ಕೇಳಿದರು. ಅವರು ನಕ್ಕು ಹೊಡೆದುಹಾಕಿದರು. ಸರಿಯೇ ಮಾಡಿದರು.

ಭರವಸೆ ಇಲ್ಲದ ಮೇಲೆ ಕೊಳ್ಳುವವರ ರಕ್ಷಣೆ ಇರುವುದು ಹಿನ್ನೆಲೆಯಲ್ಲೇ. ಅದಕ್ಕೇ ಅದನ್ನು ನಾಲ್ಕು ಪುಟ ಬರೆದೆ. 1987ರಲ್ಲಿ ವ್ಯಾಪಾರಿ ಅಂಗಡಿ ಕೊಂಡ ಪತ್ರ. ಸಂಘದ ಒತ್ತೆ. ದಿವಾಳಿ ಅರ್ಜಿಯ ನಂಬರು, ಹಾಕಿದ ದಿನ. ಆದೇಶದ ದಿನ. ರಿಸೀವರ್ ನೇಮಕ. ಪಂಚರ ಕಾಗದದಿಂದ ಯಾವ ಹಕ್ಕೂ ಹುಟ್ಟಿಲ್ಲ ಅನ್ನುವುದು. ಲಿಲಾವಿನ ನೋಟೀಸು, ಕೂಗಿನ ಮೊತ್ತ, ಕೋರ್ಟಿನ ಆದೇಶ, 21 ದಿನ ಕಳೆದದ್ದು. ಮಾರಿದವರ ಜಾಗದಲ್ಲಿ ರಿಸೀವರರ ಹೆಸರಿನ ಮುಂದೆ 'ಇಂಥ ದಿವಾಳಿ ಅರ್ಜಿಯಲ್ಲಿ ಇಂಥವರ ಆಸ್ತಿಯ ರಿಸೀವರ್ ಎಂಬ ನಾತೆಯಿಂದ ಮಾತ್ರ' ಅಂತ ಬರೆದೆವು. ಆ 'ಮಾತ್ರ' ಬಿಟ್ಟುಹೋಗಬಾರದು.

ಇನ್ನೊಂದು ಭಯ ಕಕ್ಷಿದಾರರಿಗಿತ್ತು. ನಾಳೆ ವ್ಯಾಪಾರಿ ಎಲ್ಲಿಂದಲೋ ಹಣ ತಂದು ಸಾಲ ತೀರಿಸಿ ದಿವಾಳಿ ಆದೇಶವನ್ನೇ ರದ್ದು ಮಾಡಿಸಿಕೊಂಡರೆ? ದಿವಾಳಿ ಕಾಯ್ದೆಯ ಕಲಂ 37 ಅದಕ್ಕೆ ಉತ್ತರ ಕೊಡುತ್ತದೆ. ಆದೇಶ ರದ್ದಾದರೂ ಅಷ್ಟರೊಳಗೆ ರಿಸೀವರರು ಕ್ರಮವಾಗಿ ಮಾಡಿದ ಮಾರಾಟ ನಿಲ್ಲುತ್ತದೆ. ಇದನ್ನು ತೋರಿಸಿದ ರಾತ್ರಿ ಅವರು ನಿದ್ದೆ ಮಾಡಿದರಂತೆ.

ಸರ್ಕಾರಿ ಮಾರ್ಗಸೂಚಿ ಬೆಲೆ 41 ಲಕ್ಷ ಇತ್ತು, ಕೊಂಡದ್ದು 38ಕ್ಕೆ. ಬಹಿರಂಗ ಲಿಲಾವಿನ ಬೆಲೆಯೇ ನಿಜವಾದ ಮಾರುಕಟ್ಟೆ ಬೆಲೆ ಅಂತ ವಾದ ಮಾಡಬಹುದಿತ್ತು. 3 ಲಕ್ಷದ ವ್ಯತ್ಯಾಸಕ್ಕೆ ಶೇ. 5ರ ಲೆಕ್ಕದಲ್ಲಿ ಸ್ಟಾಂಪು 15 ಸಾವಿರ. ಅದಕ್ಕಾಗಿ ಪತ್ರ ತಡೆಹಿಡಿಸಿಕೊಂಡು ಕೂರುವುದು ಬೇಡ ಅಂತ 41ರ ಮೇಲೇ ಕಟ್ಟಿದೆವು. 2025ರ ಫೆಬ್ರವರಿಯಲ್ಲಿ ರಿಸೀವರರು ತಾವೇ ಬಂದು ಸಹಿ ಹಾಕಿದರು. ಸಂಘದವರು ಕಾಗದದ ಕಟ್ಟು ಮೇಜಿನ ಮೇಲಿಟ್ಟರು.

ಹಂಚಿಕೆ

ಸಂಘಕ್ಕೆ ಹೋಗಿ ಅಂಗಡಿಯಿಂದ 16 ಲಕ್ಷ, ಮನೆಯ ಪಾಲಿನಿಂದ 7 ಲಕ್ಷ, ಒಟ್ಟು 23 ಲಕ್ಷ ಉಳಿಯಿತು. ಖರ್ಚು ಮತ್ತು ಸರ್ಕಾರಿ ಬಾಕಿಗೆ 3 ಲಕ್ಷ ಹೋಯಿತು. ಉಳಿದ 20 ಲಕ್ಷಕ್ಕೆ ಕಾದಿದ್ದ ಸಾಲ 64.5 ಲಕ್ಷ. ರೂಪಾಯಿಗೆ 31 ಪೈಸೆ.

ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಲೆಕ್ಕ ಬರೆದ ಒಬ್ಬ ಗುಮಾಸ್ತರಿದ್ದರು. ನಾಲ್ಕು ತಿಂಗಳ ಸಂಬಳ ಬಾಕಿ. ಸಂಬಳಕ್ಕೆ ಮೊದಲ ಪಾಲು ಅಂತ ಯಾರೋ ಹೇಳಿದ್ದರಿಂದ ಆಸೆಯಿಂದ ಬಂದರು. ಕಲಂ 61ರಲ್ಲಿ ಗುಮಾಸ್ತ, ಆಳು, ಕೂಲಿಯವರಿಗೆ ಆದ್ಯತೆ ಇದೆ, ಸುಳ್ಳಲ್ಲ. ಆದರೆ 1920ರಲ್ಲಿ ಬರೆದ ಮಿತಿ ಒಬ್ಬರಿಗೆ ಒಟ್ಟು 20 ರೂಪಾಯಿ. ರಿಸೀವರರು ಅದನ್ನು ಓದಿ ಹೇಳುವಾಗ ತಲೆ ಎತ್ತಲಿಲ್ಲ. ಇಪ್ಪತ್ತು ರೂಪಾಯಿ ಪೂರ್ತಿ, ಮಿಕ್ಕಿದ್ದು ಎಲ್ಲರ ಜೊತೆ 31 ಪೈಸೆಯ ಲೆಕ್ಕದಲ್ಲಿ.

ನನ್ನ ಕಕ್ಷಿದಾರರೂ ಆ ಪಟ್ಟಿಯಲ್ಲಿದ್ದರು. ಪಂಚರಿಗೆ ಕೊಟ್ಟ 2 ಲಕ್ಷ ಇಸಾರವನ್ನು ಖರೀದಿ ಹಣದಲ್ಲಿ ಮುರಿದುಕೊಳ್ಳಲು ರಿಸೀವರರು ಬಿಡಲಿಲ್ಲ. ಅದು ಅವರ ಕೈಗೆ ಬಂದ ಹಣವಲ್ಲ. ವ್ಯಾಪಾರಿಯ ಹೆಸರಲ್ಲಿ ತಗೊಂಡ ಸಾಲ ಅಂತ ಬರೆದುಕೊಂಡರು. ಅಂಗಡಿಗೆ 38 ಲಕ್ಷ ಪೂರ್ತಿ ಕೊಟ್ಟ ಮನುಷ್ಯ, ಒಂದೆರಡು ತಿಂಗಳ ಮೇಲೆ ಅದೇ ರಿಸೀವರರಿಂದ 62,000 ರೂಪಾಯಿಯ ಚೆಕ್ ತಗೊಂಡು ಬಂದರು. ಪಂಚರು ಕೊಟ್ಟ ಇಸಾರದ ರಸೀದಿ ಇನ್ನೂ ನನ್ನ ಫೈಲಿನಲ್ಲೇ ಇದೆ, ಕೇಳಿದರೆ "ಇರಲಿ ಬಿಡ್ರಿ" ಅಂದರು.